ಸರ್ವೆಯವರು ಕೇಳಿದ ಹೆಸರು

ಮನ್ವಿತ್, ಸಿಂಚನಾ, ನೀವಿಬ್ಬರೂ ಸ್ಕೂಲಿಗೆ ಹೋದ ಮೇಲೆ ಹಜಾರದಲ್ಲಿ ಕೂತು ನೆನೆಸಿಟ್ಟ ಅವರೆಕಾಳು ಹಿತಕುತ್ತಿದ್ದೆ. ಕೈಯೆಲ್ಲ ಒದ್ದೆ, ಬೆರಳ ತುದಿಯಲ್ಲಿ ಸೊಗಡಿನ ವಾಸನೆ. ಪಕ್ಕದಲ್ಲಿದ್ದ ಫೋನು ಟಿಂಗ್ ಎಂದಿತು. ಸೆರಗಿಗೆ ಕೈ ಒರೆಸಿಕೊಂಡು ನೋಡಿದರೆ ಹೊಸ ಸರ್ವೆ. ಮೊದಲ ಪ್ರಶ್ನೆಯೇ ಇದು: ‘ಬೆಳಿಗ್ಗೆ ಎದ್ದ ಮೇಲೆ ನೀವು ಮೊದಲು ಏನನ್ನು ಕುಡಿಯಲು ಇಷ್ಟಪಡುತ್ತೀರಿ?’ ಕೆಳಗೆ ಟೀ, ಕಾಫಿ, ಹಾಲು, ಇತರೆ ಎಂದು ಕೊಟ್ಟಿದ್ದರು.

ಎಷ್ಟು ಹೊತ್ತು ಕೂತರೂ ಉತ್ತರ ಹೊಳೆಯಲಿಲ್ಲ. ನಿಮ್ಮ ತಾತನಿಗೆ ಏನು ಇಷ್ಟ ಎಂದು ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದೆ. ಟೀ. ಮನೆಯಲ್ಲಾದರೆ ಸಕ್ಕರೆ ಮುಂದಾಗಿ, ಮದ್ದೂರಿನ ಹೋಟೆಲಿನಲ್ಲಾದರೆ ಸಕ್ಕರೆ ಕಡಿಮೆ. ಹೋಟೆಲಿನವನು ಸುರಿಯುವ ಸಕ್ಕರೆ ಅವರಿಗೆ ಹಿಡಿಸುತ್ತಿರಲಿಲ್ಲ. ಆದರೆ ಇಲ್ಲಿ ಕೇಳಿದ್ದು ನನ್ನನ್ನು. ಫೋನನ್ನು ಹಾಗೇ ಮಗುಚಿಟ್ಟು, ಸಿಂಚನಾಳ ಹಳೆಯ ಪುಸ್ತಕದಲ್ಲಿ ಉಳಿದಿದ್ದ ಬಿಳಿ ಹಾಳೆಗಳನ್ನು ಬಿಡಿಸಿಕೊಂಡು ಇದನ್ನು ಬರೆಯಲು ಕೂತಿದ್ದೇನೆ.

‘ಅಜ್ಜಿ, ತಾತನ ಹೆಸರು ಹೇಳು, ಚಾಕ್ಲೇಟ್ ಕೊಡ್ತೀವಿ’ ಎಂದು ನೀವು ಎಷ್ಟು ಸಲ ಕಾಡಿದ್ದೀರಿ! ನಾನು ಒಳಗೆ ಓಡುತ್ತಿದ್ದೆ, ನೀವು ಅಟ್ಟಿಸಿಕೊಂಡು ಬರುತ್ತಿದ್ದಿರಿ. ಕಳೆದ ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಟ್ಟ ದಿನ ಎಲ್ಲರೆದುರು ಆ ಹೆಸರನ್ನು ಕೂಗಿದಾಗ ನೀವು ಬಾಯಿ ಬಿಟ್ಟುಕೊಂಡು ನಿಂತಿರಿ. ಅದು ನನ್ನ ಬಾಯಿಂದ ಹೇಗೆ ಬಂತು ಎಂದು ನಿಮಗೆ ಹೇಳಿಲ್ಲ. ಎದುರಿಗೆ ಕೂತು ಹೇಳಲು ನಾಚಿಕೆ. ಬರೆಯುವಾಗ ನೋಡುವವರಿಲ್ಲ ಎಂಬ ಧೈರ್ಯ.

ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಹೇಳಬಹುದಾಗಿದ್ದದ್ದು ಒಂದೇ ಸಲ, ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ. ಹೆಂಗಸರೆಲ್ಲ ಹೊಸಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಕ್ಕೆ ಎನ್ನುತ್ತಾರೆ. ಬೆಸಗರಹಳ್ಳಿಯ ಆ ಹೊಸಿಲ ಮುಂದೆ ನಾನು ತಲೆ ಬಗ್ಗಿಸಿ ನಿಂತವಳು ಅಳುವುದಕ್ಕೇ ಶುರು ಮಾಡಿದೆ. ನಮ್ಮತ್ತೆ ಎಲ್ಲರನ್ನೂ ಸರಿಸಿ, ‘ಬುಡ್ರವ್ವ, ಮಗ ಎದ್ರುಕೊಂಡದೆ. ಎಸ್ರ ನಾಳೆ ಏಳ್ತಳೆ’ ಎಂದು ಕೈ ಹಿಡಿದು ಒಳಗೆ ಕರೆದುಕೊಂಡರು. ಆ ನಾಳೆ ಬರಲೇ ಇಲ್ಲ. ನಿಮ್ಮ ತಾತನನ್ನು ಕರೆಯಬೇಕಾದರೆ ‘ಇವ್ರೇ’ ಎನ್ನುತ್ತಿದ್ದೆ. ಕಬ್ಬಿನ ಗದ್ದೆಯಲ್ಲಿ ದೂರ ಇದ್ದರೆ ಬುತ್ತಿಯ ತಟ್ಟೆಯನ್ನು ಚಮಚದಿಂದ ಬಡಿಯುತ್ತಿದ್ದೆ. ಪಕ್ಕದ ಗದ್ದೆಯವರು ‘ನಿನ್ ಗಂಟೆ ಒಡೀತು, ಓಗ್ಲಾ ಉಣ್ಣೋಗು’ ಎಂದು ಅವರನ್ನು ಗೇಲಿ ಮಾಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅವರ ಫೋನು ನನ್ನ ಪಾಲಿಗೆ ಬಂತು. ನಿಮ್ಮಪ್ಪ ‘ನೀನೇ ಇಟ್ಕೊ ಅವ್ವ, ನಂಬರ್ ಎಲ್ರಿಗೂ ಗೊತ್ತು’ ಎಂದ. ಬೆಸಗರಹಳ್ಳಿಯಿಂದ ಪೇಟೆಯ ಈ ಗುತ್ತಲು ಬಡಾವಣೆಯ ಮನೆಗೆ ಬಂದು ನಾವು ವರ್ಷಗಳೇ ಆಗಿದ್ದರೂ ನನಗೆ ಬೀದಿಯಲ್ಲಿ ಮಾತಿಗಿದ್ದವಳು ಪಕ್ಕದ ಮನೆಯ ಸವಿತ ಒಬ್ಬಳೇ. ಅವಳು ಸೀರೆಗೆ ಕುಚ್ಚು ಕಟ್ಟುತ್ತಾಳೆ. ನೀವು ಸ್ಕೂಲಿಗೆ ಹೋದ ಮೇಲೆ ನಾನೂ ಅವಳ ಜಗುಲಿಗೆ ಹೋಗಿ ದಾರ ಬಿಡಿಸಿಕೊಡುತ್ತಾ ಕೂರುತ್ತಿದ್ದೆ. ಅವಳ ಕೈ ಕುಚ್ಚು ಕಟ್ಟುತ್ತಿದ್ದರೆ ಎದುರಿಗೆ ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ ಯಾವಾಗಲೂ ಏನಾದರೂ ಓಡುತ್ತಿರುತ್ತಿತ್ತು.

‘ಏನವ್ವ ಅದು, ಪಿಚ್ಚರ್ರಾ?’ ಎಂದು ಒಂದು ದಿನ ಕೇಳಿದೆ.

‘ಪಿಚ್ಚರ್ ಅಲ್ಲ ಕಣಮ್ಮ, ದುಡಿಮೆ. ಈ ಜಾಹೀರಾತ ಮುಗಿಯೋಗಂಟ ಓಡ್ಸುದ್ರೆ ಪಾಯಿಂಟು. ಆಫರ್ರು ಅಂತ ಬತ್ತದೆ, ಅವ್ರು ಏಳಿದ್ ಆಪ್ ಆಕ್ಕೊಂಡು ಆಟ ಆಡುದ್ರೆ ಅದ್ಕೂ ಪಾಯಿಂಟು. ಸರ್ವೆ ತುಂಬುದ್ರೆ ಇನ್ನೂ ಜಾಸ್ತಿ.’

‘ಸುಮ್ಕೆ ಯಾಕೆ ಕೊಟ್ಟಾರು?’

‘ಸುಮ್ಕೆ ಎಲ್ಲಿ? ಯಾವ್ ಸೋಪ್ ಆಕ್ತೀಯ, ಯಾವ್ ಎಣ್ಣೆ ತತ್ತೀಯ ಅಂತ ನಮ್ಮನ್ನ ಕೇಳ್ತರೆ. ನಮ್ ಮನೇಲಿ ನಮ್ಮನ್ನ ಯಾರ್ ಕೇಳಾರು ಏಳಮ್ಮ?’

ಅವಳು ಆಡುತ್ತಿದ್ದ ಆಟ ಬೇಸಾಯದ್ದು. ತವರಿನ ಹೊಲದ ಕೆಲಸ ಬೇಡವೆಂದೇ ಆಟೋ ಓಡಿಸುವ ರಾಜುವನ್ನು ಮದುವೆಯಾದವಳು, ಇಲ್ಲಿ ಕೂತು ಫೋನಿನಲ್ಲಿ ಜೋಳ ಬಿತ್ತಿ ಕೊಯ್ಯುತ್ತಿದ್ದಳು. ಬಿತ್ತಿದ ಮರುಗಳಿಗೆಗೇ ತೆನೆ! ‘ನೀರು ಕಟ್ಟದೆ ಅದ್ಯಾವ ಬೆಳೆ?’ ಎಂದು ನಾನು ಬೈದರೆ ರಾಜು ಒಳಗಿನಿಂದ, ‘ಇವಳ ಜೋಳ ಮಾರಿ ನಾನು ಕಾರ್ ತಗಬೇಕು ಕಣಮ್ಮ, ಕಾಯ್ತಾ ಇವ್ನಿ’ ಎನ್ನುತ್ತಿದ್ದ. ಆಫರುಗಳಲ್ಲಿ ಮೋಸವೂ ಇತ್ತು. ಬಿಟ್ಟಿ ಎಂದು ಒತ್ತಿಸಿಕೊಂಡು ತಿಂಗಳಾದ ಮೇಲೆ ದುಡ್ಡು ಕತ್ತರಿಸಿದ್ದು ಸವಿತಳಿಗೇ ಆಗಿತ್ತು. ದುಡ್ಡು ಕಟ್ಟಿ ಎಂದರೆ, ಓಟಿಪಿ ಹೇಳಿ ಎಂದರೆ ಅಲ್ಲಿಗೇ ಬಿಡಬೇಕು ಎಂದು ಅವಳೇ ನನಗೆ ಕಲಿಸಿದಳು. ದೊಡ್ಡವರಾದ ಮೇಲೆ ನೀವೂ ನೆನಪಿಟ್ಟುಕೊಳ್ಳಿ.

ನನ್ನ ಫೋನಿಗೂ ಹಾಕಿಕೊಡುತ್ತೇನೆಂದು ಅವಳು ನಮ್ಮ ಮನೆಗೆ ಬಂದಳು. ‘ಎಸ್ರು ಏಳಮ್ಮ.’

‘ಯಾರ್ದು?’

‘ಫೋನ್ ಯಾರ್ದು?’

ನಾನು ಗೋಡೆಯ ಮೇಲಿನ ನಿಮ್ಮ ತಾತನ ಫೋಟೋ ತೋರಿಸಿದೆ. ಇದು ದಡ್ಡತನವೆಂದು ನಿಮಗೆ ಅನ್ನಿಸಬಹುದು. ಆದರೆ ನಾನು ಕಂಡ ಲೋಕದಲ್ಲಿ ಎಲ್ಲವೂ ಯಜಮಾನರ ಹೆಸರಿನಲ್ಲೇ ಇರುತ್ತದೆ, ಅವರು ಹೋದ ಮೇಲೂ ಇರುತ್ತದೆ. ಬೆಸಗರಹಳ್ಳಿಯ ಮನೆಯ ಕರೆಂಟು ಬಿಲ್ಲು ಇವತ್ತಿಗೂ ನಮ್ಮ ಮಾವನವರ ಹೆಸರಿಗೇ ಬರುತ್ತದೆ. ನಾನು ಅವರನ್ನು ಕಣ್ಣಾರೆ ಕಂಡವಳಲ್ಲ. ದೀಪ ಮಾತ್ರ ಉರಿಯುತ್ತಿದೆ. ಸರ್ವೆಯೂ ಹಾಗೇ ಎಂದುಕೊಂಡೆ. ಸವಿತ ಫೋಟೋದ ಕೆಳಗಿನ ಹೆಸರು ನೋಡಿಕೊಂಡು ಒತ್ತಿದಳು. ‘ಉಟ್ಟಿದ್ ತಾರೀಕೂ ಇಲ್ಲೇ ಅದೆ, ಒಳ್ಳೇದಾಯ್ತು’ ಎಂದಳು. ಅದರ ಪಕ್ಕದಲ್ಲೇ ಇನ್ನೊಂದು ತಾರೀಕು ಇತ್ತು. ಅದನ್ನು ಅವಳೂ ಓದಲಿಲ್ಲ, ನಾನೂ ತೋರಿಸಲಿಲ್ಲ.

ಮಾರನೆಯ ಬೆಳಿಗ್ಗೆ ಫೋನು ತೆರೆದರೆ ‘ನಮಸ್ಕಾರ’ ಎಂದು ಅವರ ಹೆಸರು, ಅದರ ಕೆಳಗೆ ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ’ ಎಂಬ ಸಾಲು. ನನಗೆ ಎದೆ ತುಂಬಿ ಬಂತು. ಯಾರೋ ಊರಿನವರು ಅವರನ್ನು ವಿಚಾರಿಸಿಕೊಂಡು ಬಾಗಿಲಿಗೆ ಬಂದ ಹಾಗೆ. ಅಂದಿನಿಂದ ದಿನವೂ ಅವರ ಪರವಾಗಿ ಉತ್ತರ ಹೇಳಿದೆ. ಗಡ್ಡ ಯಾವಾಗ ಹೆರೆಯುತ್ತೀರಿ? ಭಾನುವಾರ, ಮತ್ತೆ ಮದ್ದೂರಿಗೆ ಹೋಗುವ ಹಿಂದಿನ ದಿನ. ಬಟ್ಟೆ ಕೊಳ್ಳುವಾಗ ಏನು ನೋಡುತ್ತೀರಿ? ಅಂಚು. ಪಂಚೆಯ ಅಂಚು ಅಗಲವಿದ್ದರೆ ಮುಟ್ಟುತ್ತಿರಲಿಲ್ಲ. ವಿವಾಹಿತರೇ ಎಂದು ಕೇಳಿದಾಗ ಮಾತ್ರ ಬೆರಳು ನಿಂತಿತು. ಆಮೇಲೆ, ಅವರ ಹೆಂಡತಿ ಬದುಕಿದ್ದಾಳಲ್ಲ ಎಂದುಕೊಂಡು ಹೌದು ಎಂದೇ ಒತ್ತಿದೆ. ಕೆಲವು ಸಲ ಅರ್ಧ ಕೇಳಿ, ‘ಕ್ಷಮಿಸಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ’ ಎಂದು ಅಟ್ಟಿಬಿಡುತ್ತಿದ್ದರು. ಅವರನ್ನು ಹಾಗೆಂದರಲ್ಲ ಎಂದು ನಾನು ಮುಖ ಸಪ್ಪಗೆ ಮಾಡಿದರೆ ಸವಿತ ನಗುತ್ತಿದ್ದಳು. ‘ಮೊನ್ನೆ ನಾನು ಬಸುರಿ ಅಂತ ಒತ್ಬುಟ್ಟೆ ಕಣಮ್ಮ. ಇವಾಗ ದಿನಾ ಮಗೀನ್ ಸರ್ವೆ ಬತ್ತಾ ಅವೆ. ಇನ್ನೇನ್ ಎರಿಗೆ ಮಾಡ್ಸಿ ಬುಡ್ತರೆ!’

ಪಾಯಿಂಟುಗಳು ಕೂಡಿದರೆ ಬಟ್ಟೆ ಅಂಗಡಿಯ ಕೂಪನ್ನು ಕೊಡುತ್ತಾರೆ ಎಂದು ತಿಳಿದ ದಿನ ನನ್ನ ಮನಸ್ಸಿಗೆ ಒಂದು ಆಸೆ ಬಂತು. ಅವರು ಹೋಗಿ ವರ್ಷ ತುಂಬಿದ ಮೇಲಿನ ಮೊದಲ ಮಾರ್ನಮಿ ಹತ್ತಿರವಾಗುತ್ತಿತ್ತು. ಹಿರಿಯರಿಗೆ ಎಡೆ ಇಡುವಾಗ ಹೊಸ ಬಟ್ಟೆ ಇಡಬೇಕಲ್ಲ. ನಿಮ್ಮಪ್ಪ ತರುತ್ತಾನೆ, ಅದು ಬೇರೆ. ಸಣ್ಣ ಅಂಚಿನ ಒಂದು ಪಂಚೆ, ಅವರದೇ ಹೆಸರಿನಲ್ಲಿ, ಅವರ ಇಷ್ಟಾನಿಷ್ಟ ಹೇಳಿ ಸಂಪಾದಿಸಿದ್ದು, ಅವರ ಎಲೆಯ ಮುಂದೆ ಇರಬೇಕು. ಯಾರಿಗೂ ಹೇಳಲಿಲ್ಲ. ಕೂಪನ್ನು ಕೇಳಿ ಒತ್ತಿದೆ.

ಬಂದದ್ದು ಕೂಪನ್ನಲ್ಲ, ಮೆಸೇಜು. ನಿಮ್ಮ ಖಾತೆಯನ್ನು ಪರಿಶೀಲಿಸಬೇಕಾಗಿದೆ, ನಮ್ಮ ಸಿಬ್ಬಂದಿ ಕರೆ ಮಾಡುತ್ತಾರೆ, ಖಾತೆದಾರರೇ ತಮ್ಮ ಹೆಸರು ಹೇಳಿ ಮಾತನಾಡಬೇಕು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಫೋನು ಹೊಡೆದುಕೊಂಡರೆ ಎದೆಯೂ ಹೊಡೆದುಕೊಳ್ಳುತ್ತಿತ್ತು. ನಿಮ್ಮಪ್ಪ ಮನೆಯಲ್ಲಿದ್ದಾಗ ಬಂದರೆ? ಪೊಲೀಸಿಗೆ ಕೊಟ್ಟರೆ? ಸತ್ತವರ ಹೆಸರಲ್ಲಿ ಮೋಸ ಮಾಡಿದವಳು ಎಂದರೆ? ಒಲೆಯ ಮೇಲೆ ಹಾಲು ಉಕ್ಕಿಸಿದೆ. ಸಿಂಚನಾಳ ಊಟದ ಡಬ್ಬಿ ಮನ್ವಿತನ ಬ್ಯಾಗಿಗೆ ಹಾಕಿ ಕಳಿಸಿದ್ದು ಆ ವಾರವೇ.

ಅದರ ನಡುವೆ ಕಂದಾಯದ ಕೆಲಸಕ್ಕೆ ಬೆಸಗರಹಳ್ಳಿಗೆ ಹೋಗಿ, ಅಲ್ಲಿಂದ ಮದ್ದೂರಿಗೆ ಬಂದು ಮಳವಳ್ಳಿ ಬಸ್ಸು ಹತ್ತಿದೆ, ಅಕ್ಕನನ್ನು ನೋಡಲು. ಈಗ ಬಸ್ಸು ಹೆಂಗಸರಿಗೆ ಬಿಟ್ಟಿಯಲ್ಲವೇ, ಕಾಲಿಡಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತಿದ್ದಾಗ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ‘ಎತ್ತಿ ಕಣಮ್ಮ, ಯಾರೋ ಪಾಪ’ ಎಂದಳು ಮಗ್ಗುಲಿನವಳು. ಅಷ್ಟು ಜನರ ನಡುವೆ ಏನೆಂದು ಎತ್ತಲಿ? ಅದು ಬಡಿದು ಬಡಿದು ನಿಂತಿತು. ಹಿಂದೆಯೇ ಮೆಸೇಜು: ನಾಳೆ ಮಧ್ಯಾಹ್ನ ಕೊನೆಯ ಸಲ ಕರೆ ಮಾಡುತ್ತೇವೆ, ಉತ್ತರಿಸದಿದ್ದರೆ ಖಾತೆಯನ್ನು ಮುಚ್ಚಲಾಗುವುದು.

ಅಕ್ಕ ಮಳವಳ್ಳಿ ಕಡೆಯ ಬಂಡೂರಿನ ಹತ್ತಿರ ನಾಲ್ಕು ಕುರಿ ಸಾಕಿಕೊಂಡು ಗಟ್ಟಿಯಾಗಿರುವವಳು. ಮರಿಗೆ ಸೊಪ್ಪು ಹಾಕುತ್ತಿದ್ದಳು. ಸರ್ವೆಯ ವಿಷಯ ಹೇಳದೆ ಸುತ್ತಿ ಬಳಸಿ ಕೇಳಿದೆ, ‘ಅಕ್ಕ, ನೀನು ಯಾವತ್ತಾದ್ರೂ ಭಾವನ ಹೆಸರು ಹೇಳಿದ್ದೀಯಾ?’

‘ದಿನಾ ಏಳ್ತೀನಿ, ಬಾಯೊಳಗೆ. ಕುಡ್ಕಂಡ್ ಬಂದಾಗ ಎಲ್ಡ್ ಸಲ’ ಎಂದಳು. ಜಗುಲಿಯಲ್ಲಿದ್ದ ಭಾವ ಕೇಳಿಸಿಕೊಂಡೂ ಕೇಳದವರಂತೆ ಕೂತಿದ್ದರು. ಆಮೇಲೆ ನನ್ನ ಮುಖ ನೋಡಿ ಸೊಪ್ಪು ಕೆಳಗಿಟ್ಟಳು. ‘ಯಾಕ್ಲೇ? ಓಗಿರೋರ ಆಯಸ್ಸು ಇನ್ನೇನ್ ಕಮ್ಮಿ ಆದದು? ಏಳ್ಬೇಕು ಅನ್ಸುದ್ರೆ ಏಳ್ಕೊಂಡ್ಬುಡು. ನೀನೊಬ್ಳು, ಉಟ್ಟಿದಾಗ್ಲಿಂದ ನುಂಗ್ಕೊಂಡೇ ಬಂದೆ.’

ಮಾರನೆಯ ಬೆಳಿಗ್ಗೆಯೇ ಗುತ್ತಲಿಗೆ ಬಂದು ಸವಿತಳಿಗೆ ಮೆಸೇಜು ತೋರಿಸಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. ‘ನಮ್ ಮನೆಯೋರ್ ಮಾತಾಡ್ತರೆ ಬುಡಮ್ಮ. ಗಂಡಸ್ ದನಿ ಆದ್ರಾಯ್ತು, ಅವ್ರಿಗೇನ್ ಮೊಕ ಕಂಡದಾ?’ ಬೇಡ ಎನ್ನಬೇಕೆಂದಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಯಾರಾದರೂ ನನಗೆಂದು ಉಪಕಾರ ಮಾಡಲು ಎದ್ದರೆ ಬೇಡ ಎನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಪಂಚೆಯ ಆಸೆಯೂ ಇತ್ತು.

ಮಧ್ಯಾಹ್ನ ರಾಜು ಆಟೋ ನಿಲ್ಲಿಸಿ ನಮ್ಮ ಹಜಾರಕ್ಕೆ ಬಂದು ಕೂತ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, ಫೋಟೋ ನೋಡಿ ಪಾಠ ಒಪ್ಪಿಸುವವನಂತೆ ಅವರ ಹೆಸರು, ಹುಟ್ಟಿದ ತಾರೀಕು, ಬೆಸಗರಹಳ್ಳಿ ಎಂದು ಉರು ಹೊಡೆಯತೊಡಗಿದ. ಪಾಪ, ಒಳ್ಳೆಯ ಹುಡುಗ. ‘ದನಿ ಒಸಿ ದಪ್ಪ ಮಾಡ್ಲಾ?’ ಎಂದು ಸವಿತಳನ್ನು ಕೇಳಿದ. ‘ವಯಸ್ಸಾದೋರ್ ತರ ಕೆಮ್ಮಿ ಒಂದ್ಕಿತ’ ಎಂದಳು. ಅವನು ಕೆಮ್ಮಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೊನೆಕೊನೆಗೆ ಆಸ್ಪತ್ರೆಯಲ್ಲಿ ಅವರು ಕೆಮ್ಮುತ್ತಿದ್ದುದು ನೆನಪಾಯಿತು.

ಫೋನು ಹೊಡೆದುಕೊಂಡಿತು. ಸವಿತ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ರಾಜುವಿನ ಕೈಗೆ ಕೊಟ್ಟಳು. ಆ ಕಡೆ ಹುಡುಗಿಯ ದನಿ, ‘ನಮಸ್ಕಾರ ಸರ್. ಖಾತೆದಾರರೇ ಮಾತಾಡ್ತಿರೋದಾ?’

‘ಊ, ನಾನೇ ಕಣವ್ವ.’

‘ನಿಮ್ಮ ಪೂರ್ತಿ ಹೆಸರು ಹೇಳಿ ಸರ್.’

ರಾಜು ಗಂಟಲು ಸರಿಮಾಡಿಕೊಂಡ. ಸವಿತ ಫೋಟೋದ ಕಡೆ ಬೆರಳು ತೋರಿಸಿದಳು. ಅವನು ಬಾಯಿ ತೆರೆದದ್ದು ಕಂಡೆ. ಮುಂದೆ ಏನಾಯಿತೋ ನನಗೇ ತಿಳಿಯದು, ಫೋನು ನನ್ನ ಕೈಯಲ್ಲಿತ್ತು.

‘ಅವ್ರಲ್ಲ ಇವ್ರು’ ಎಂದೆ.

‘ಯಾರು ಮಾತಾಡ್ತಿರೋದು?’ ಹುಡುಗಿಯ ದನಿ ಬಿಗಿಯಾಯಿತು.

‘ನಾನು, ಅವ್ರ ಮನೆಯೋಳು.’

‘ಖಾತೆ ಯಾರ ಹೆಸರಲ್ಲಿದೆ ಮೇಡಂ?’

‘ನಮ್ಮನೆಯೋರ್ದು.’

‘ಅವರ ಹೆಸರು ಹೇಳಿ.’

ಸವಿತ ಹತ್ತಿರ ಬಂದು, ‘ನಾನ್ ಏಳ್ತೀನಿ ಕೊಡಮ್ಮ’ ಎಂದು ಕೈ ಚಾಚಿದಳು. ನಾನು ಕೊಡಲಿಲ್ಲ. ‘ಬೇರೆಯವರು ಹೇಳಿಕೊಡೋ ಹಾಗಿಲ್ಲ ಮೇಡಂ’ ಎಂದಿತು ಫೋನು. ‘ನೀವು ಹೇಳದಿದ್ರೆ ನಾನು ಕಾಲ್ ಕಟ್ ಮಾಡ್ಬೇಕಾಗತ್ತೆ.’

ಬೆಸಗರಹಳ್ಳಿಯ ಹೊಸಿಲಲ್ಲಿ ನಿಂತ ಹಾಗೇ ಇತ್ತು. ಈ ಸಲ ಕೈ ಹಿಡಿದು ದಾಟಿಸಲು ಅತ್ತೆ ಇರಲಿಲ್ಲ.

‘ನಿಂಗಯ್ಯ’ ಎಂದೆ.

‘ಕೇಳಿಸ್ಲಿಲ್ಲ ಮೇಡಂ. ಸ್ವಲ್ಪ ಜೋರಾಗಿ.’

‘ನಿಂಗಯ್ಯ!’ ಈ ಸಲ ಗದ್ದೆಯ ಬದುವಿನಿಂದ ಕೂಗುವವಳ ದನಿ ಬಂತು. ಕೂತಿದ್ದ ರಾಜು ಎದ್ದು ನಿಂತ.

‘ಥ್ಯಾಂಕ್ಸ್ ಮೇಡಂ. ಫೋನ್ ಅವರಿಗೆ ಕೊಡಿ.’

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೆಸರು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ‘ಅವ್ರಿಲ್ಲ’ ಎಂದೆ.

‘ಎಷ್ಟೊತ್ತಿಗೆ ಬರ್ತಾರೆ?’

‘ಬರಕಿಲ್ಲ ಕಣವ್ವ. ಓದ್ ವರ್ಸ ತೀರೋದ್ರು.’

ಅವರು ಹೋದಾಗಿನಿಂದ ಆ ಮಾತನ್ನೂ ನಾನು ಆಡಿರಲಿಲ್ಲ. ಬಂದವರಿಗೆಲ್ಲ ಬೇರೆಯವರು ಹೇಳುತ್ತಿದ್ದರು, ನಾನು ಮೂಲೆಯಲ್ಲಿ ಕೂತಿರುತ್ತಿದ್ದೆ. ಫೋನಿನ ಆ ಕಡೆಯ ಹುಡುಗಿ ‘ಸಾರಿ ಅಮ್ಮ’ ಎಂದಳು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವಳು. ‘ಇದನ್ನ ಮುಚ್ಚಲೇಬೇಕಮ್ಮ. ಪಾಯಿಂಟೂ ಹೋಗತ್ತೆ. ನಿಮ್ಮ ಹೆಸರಲ್ಲಿ ಬೇಕಾದ್ರೆ ಹೊಸದಾಗಿ ಮಾಡ್ಕೊಳ್ಳಿ. ಏನ್ಮಾಡ್ಲಿ, ಮುಚ್ಚಲಾ?’

‘ಮುಚ್ಚವ್ವ’ ಎಂದೆ.

ಸವಿತ ಹಣೆ ಚಚ್ಚಿಕೊಂಡಳು. ‘ಒಂದ್ ಗಳಿಗೆ ಸುಮ್ನಿದ್ದಿದ್ರೆ ಕೂಪನ್ನು ಬತ್ತಿತ್ತಲ್ಲಮ್ಮ!’ ರಾಜು ‘ಸುಮ್ಕಿರೇ’ ಎಂದು ಅವಳನ್ನು ಎಬ್ಬಿಸಿಕೊಂಡು ಹೋದ. ಹೋಗುವಾಗ ಫೋಟೋದ ಕಡೆ ತಿರುಗಿ ಕೈ ಮುಗಿದ. ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಒತ್ತಿದೆ. ನಮಸ್ಕಾರವಿಲ್ಲ, ಹೆಸರಿಲ್ಲ. ಈ ಖಾತೆ ಇಲ್ಲ ಎಂದಿತು. ನೀವು ಹೋಗುವವರೆಗೆ ತಡೆದುಕೊಂಡು, ಆಮೇಲೆ ಮನಸಾರೆ ಅತ್ತೆ.

ಮಾರ್ನಮಿಯ ದಿನ ನೀವೂ ಇದ್ದಿರಿ. ನಿಮ್ಮಪ್ಪ ಪಂಚೆ ತಂದಿದ್ದ, ಅಂಚು ಅಗಲ. ಇರಲಿ ಎಂದು ಒಳಕ್ಕೆ ಮಡಚಿಟ್ಟೆ. ಬಾಳೆಲೆಯಲ್ಲಿ ಮುದ್ದೆ, ಬಂಡೂರಿನಿಂದ ಅಕ್ಕ ಕಳಿಸಿದ ಮಾಂಸದ ಸಾರು, ಕಜ್ಜಾಯ, ಪಕ್ಕಕ್ಕೆ ಬೀಡಿ ಕಟ್ಟು. ಯಾಕೋ ಅನ್ನಿಸಿ ಅವರ ಫೋನನ್ನೂ ಇಟ್ಟೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕುತ್ತೇವಲ್ಲ, ಅದಕ್ಕೆ ಮೊದಲು ಅವರನ್ನು ಊಟಕ್ಕೆ ಕರೆಯಬೇಕು. ನಿಮ್ಮಪ್ಪ ‘ಅಪ್ಪಾ’ ಎನ್ನುವಷ್ಟರಲ್ಲಿ ನಾನು, ‘ನಿಂಗಯ್ಯನೋರೇ, ಬನ್ನಿ, ಉಣ್ಣಿ’ ಎಂದು ಕೂಗಿದೆ. ತಟ್ಟೆ ಬಡಿಯಲಿಲ್ಲ. ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಂತಿದ್ದಾಗ ಒಳಗೆ ಟಿಂಗ್ ಎಂದಿತಲ್ಲ, ‘ತಾತಂಗೆ ಮೆಸೇಜ್ ಬಂತು!’ ಎಂದು ಮನ್ವಿತ ಕುಣಿದ. ನಿಮ್ಮಪ್ಪ ಬಿಳಚಿಕೊಂಡಿದ್ದ. ಅದು ಸವಿತ ಹಿಂದಿನ ದಿನ ನನ್ನ ಹೆಸರಿನಲ್ಲಿ ಮಾಡಿಕೊಟ್ಟಿದ್ದ ಖಾತೆಗೆ ಬಂದ ಮೊದಲ ಸರ್ವೆ. ತೆರೆದು ನೋಡಿದರೆ ನಮಸ್ಕಾರ ಎಂದು ನನ್ನ ಹೆಸರು. ಅವ್ವ, ಅಜ್ಜಿ, ಅತ್ತೆ ಎಂದು ಕರೆಯುವವರಿದ್ದಾರೆ. ನನ್ನನ್ನು ಹೆಸರು ಹಿಡಿದು ಯಾರಾದರೂ ಮಾತಾಡಿಸಿ ಎಷ್ಟು ಕಾಲವಾಗಿತ್ತೋ.

ಇಷ್ಟು ಬರೆಯುವಷ್ಟರಲ್ಲಿ ಅವರೆಕಾಳಿನ ನೀರೆಲ್ಲ ಹುಳಿ ವಾಸನೆ ಹೊಡೆಯುತ್ತಿದೆ, ನೀವು ಬರುವ ಹೊತ್ತಾಯಿತು. ಫೋನಿನಲ್ಲಿ ಆ ಪ್ರಶ್ನೆ ಇನ್ನೂ ಕಾಯುತ್ತಿದೆ. ಟೀ ಎಂದು ಬೆರಳು ಹೋಗಿತ್ತು, ಹಿಂದಕ್ಕೆ ತೆಗೆದೆ. ಟೀ ಅವರದು. ಮಳವಳ್ಳಿ ಕಡೆಯ ನನ್ನ ತವರುಮನೆಯಲ್ಲಿ ನಮ್ಮವ್ವ ಆಲೆಮನೆಯ ಹೊಸಬೆಲ್ಲ ಹಾಕಿ ಕಾಫಿ ಕಾಯಿಸುತ್ತಿದ್ದಳು, ಹಿತ್ತಾಳೆ ಲೋಟದಲ್ಲಿ, ಸ್ಕೂಲಿಗೆ ಹೋಗುವ ಮುಂಚೆ. ಮದುವೆಯಾದ ಮೇಲೆ ಅದನ್ನು ಕುಡಿದಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ಬೇಕೇ ಎಂದೂ ಕೇಳಿರಲಿಲ್ಲ. ‘ಇತರೆ’ ಎಂಬುದನ್ನು ಒತ್ತಿ, ಒಂದೊಂದೇ ಅಕ್ಷರ ಹುಡುಕಿ ‘ಬೆಲ್ಲದ ಕಾಫಿ’ ಎಂದು ತುಂಬಿದೆ. ಅರ್ಹರಲ್ಲ ಎಂದು ಅಟ್ಟಲಿಲ್ಲ, ಮುಂದಿನ ಪ್ರಶ್ನೆಗೆ ಕರೆದುಕೊಂಡು ಹೋಯಿತು. ಅದು ಕಾಯಲಿ. ಮೊದಲು ಒಲೆ ಹಚ್ಚಿ ಬೆಲ್ಲ ಕುಟ್ಟುತ್ತೇನೆ.

ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಇಲಿಗೆ ಸಿಗದ ಹಾಗೆ ಟ್ರಂಕಿನ ತಳದಲ್ಲಿ ಜೋಪಾನವಾಗಿಡಿ. ಫೋನು ಹೇಳದೆ ಕೇಳದೆ ಅಳಿಸಿಬಿಡುತ್ತದೆ. ಅವರ ಹೆಸರು ನನ್ನ ಕೈಯಲ್ಲಿ ಬರೆದಿರುವುದು ಇಲ್ಲಿ ಮಾತ್ರ.